ಸದ್ದಿಲ್ಲದ ಗಾಡಿಗಳು

ರಾಣೆಬೆನ್ನೂರಿನ ಹಲಗೇರಿ ರಸ್ತೆಯಲ್ಲಿ ಗುಡ್ಡಪ್ಪನ ಅಂಗಡಿಗೆ ಬೋರ್ಡಿತ್ತು, ಆದರೆ ಅದನ್ನು ಓದಿ ಬಂದವರು ಕಡಿಮೆ. ಕಾರಿನ ಸ್ಟೀರಿಯೊ ಕೆಟ್ಟರೆ ಕಿವಿ ಗುಡ್ಡಪ್ಪನ ಹತ್ತಿರ ಒಯ್ಯಿರಿ ಎನ್ನುವುದು ಸುತ್ತಿನ ಊರುಗಳ ರೂಢಿ. ಇಪ್ಪತ್ತೆಂಟು ವರ್ಷ ಆ ಹೆಸರೇ ಅವನಿಗೆ ಅನ್ನ ಹಾಕಿತ್ತು. ವೈರು ಜೋಡಿಸುವವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ಜೋಡಿಸಿದ ಮೇಲೆ ಕೂತು ಕೇಳುವವರು ಸಿಗುವುದಿಲ್ಲ. ಗುಡ್ಡಪ್ಪ ಕೆಲಸ ಮುಗಿಸಿ ಹಾಡು ಹಚ್ಚುತ್ತಿರಲಿಲ್ಲ. ಎಂಜಿನ್ ಚಾಲೂ ಮಾಡಿ, ದನಿಯನ್ನು ಸೊನ್ನೆಗೆ ಇಳಿಸಿ, ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂಡುತ್ತಿದ್ದ. ಹಾಡಿರುವಾಗ ಎಲ್ಲ ಸ್ಪೀಕರುಗಳೂ ಸಾಚಾ, ಖೋಟಾ ಯಾವುದೆಂದು ತಿಳಿಯುವುದು ಸುಮ್ಮನಿರುವಾಗ, ಎನ್ನುತ್ತಿದ್ದ. ಅರ್ಥಿಂಗ್ ಸರಿಯಿಲ್ಲದೆ ಕೂದಲೆಳೆಯಷ್ಟು ಶಿಳ್ಳೆ ಕೇಳಿದರೂ ಸೀಟು ಬಿಚ್ಚಿ ಮತ್ತೆ ಮೊದಲಿನಿಂದ ಶುರು.

ಎರಡು ವರ್ಷದಿಂದೀಚೆಗೆ ಆ ಶಿಳ್ಳೆ ಅವನ ಯಾವ ಗಾಡಿಯಲ್ಲೂ ಬಂದಿರಲಿಲ್ಲ. ಕೈ ಪಳಗಿತು, ಮಾಲತೇಶನ ದಯೆ ಎಂದುಕೊಂಡು ಭಾನುವಾರಕ್ಕೊಮ್ಮೆ ದೇವರಗುಡ್ಡಕ್ಕೆ ಹೋಗಿ ಹಣೆ ತುಂಬ ಅರಿಶಿನದ ಭಂಡಾರ ಹಚ್ಚಿಕೊಂಡು ಬರುತ್ತಿದ್ದ. ಅದಕ್ಕೇ, ಹನ್ನೆರಡು ವರ್ಷ ಜೊತೆಗೆ ದುಡಿದ ಅಯಾಜ್ ಐದು ತಿಂಗಳ ಹಿಂದೆ ಗಿರಾಕಿಯ ಎದುರಿಗೇ ಈ ಗಾಡಿಯಲ್ಲಿ ಶಿಳ್ಳೆ ಐತಿ ಅಂದಾಗ, ಗುಡ್ಡಪ್ಪನಿಗೆ ಅದು ಹೊಟ್ಟೆಕಿಚ್ಚಿನ ಮಾತಾಗಿ ಕಂಡಿತು. ನನ್ನ ಅಂಗಡಿಯಲ್ಲಿ ನಿಂತು ನನ್ನ ಕಿವಿಗೇ ಹೆಸರಿಡುತ್ತೀಯಾ ಎಂದು ನಾಲ್ಕು ಜನರ ಮುಂದೆ ಅಂದುಬಿಟ್ಟ. ಅಯಾಜ್ ಕೈ ಒರೆಸಿಕೊಂಡ, ಸ್ಕ್ರೂಡ್ರೈವರನ್ನು ಅದರ ಜಾಗದಲ್ಲಿಟ್ಟ, ಹೋದ. ಈಗ ಹಾವೇರಿಯಲ್ಲಿ ಅವನದೇ ಅಂಗಡಿ. ಅವನು ಹೋದ ಮೇಲೆ ಮೂರ್ನಾಲ್ಕು ಗಿರಾಕಿಗಳು ತಿರುಗಿ ಬಂದು ಏನೋ ಸಣ್ಣ ಸದ್ದು ಬರುತ್ತದೆ ಎಂದರು. ಟೈರಿನ ಸದ್ದು ಎಂದು ಹೇಳಿ ಗುಡ್ಡಪ್ಪ ಅವರನ್ನು ಕಳಿಸಿಕೊಟ್ಟ.

ಹೀಗಿರುವಾಗ ಒಂದು ಸೋಮವಾರ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಶಂಕ್ರಪ್ಪ ಮಗಳು ಸ್ನೇಹಾಳನ್ನು ಕರೆದುಕೊಂಡು ಬಂದ. ಹುಬ್ಬಳ್ಳಿಯಲ್ಲಿ ಕೊಂಡ ಹಳೇ ಗಾಡಿ. ಕಂಪನಿಯ ಸ್ಟೀರಿಯೊ ಕೆಟ್ಟಿತ್ತು. ಹೊಸದನ್ನು ಹಾಕಿಸಿದರೆ ದೀಪ ಹತ್ತುತ್ತದೆ, ದನಿ ಇಲ್ಲ. ಅದನ್ನು ನೋಡಿದ ಇಬ್ಬರು ಮೆಕ್ಯಾನಿಕರೂ ಸೀಟಿನಡಿಯ ಕಂಪನಿಯ ಆಂಪ್ಲಿಫೈಯರನ್ನು ಕಿತ್ತೆಸೆಯಬೇಕು ಎಂದಿದ್ದರಂತೆ.

ಗುಡ್ಡಪ್ಪ ನಕ್ಕ. “ಅದು ಸತ್ತಿಲ್ರಿ ಸಾವಕಾರ್ರ, ಮಲಗೇತಿ. ಎಬ್ಬಿಸೋ ವೈರು ಯಾರೂ ಜೋಡಿಸಿಲ್ಲ.”

ಡಿಕ್ಕಿಯಲ್ಲಿದ್ದ ಮೆಣಸಿನಕಾಯಿ ಘಾಟಿಗೆ ಸೀನುತ್ತ ಮೂರು ತಾಸು ಕೆಲಸ ಮಾಡಿದ. ಹಳೇ ಸ್ಟೀರಿಯೊ ಆಂಪ್ಲಿಫೈಯರಿನ ಜೊತೆ ಪಿಸುಮಾತಾಡುತ್ತಿತ್ತು, ಹೊಸದರ ಸ್ಪೀಕರ್ ವೈರುಗಳು ಒದರುತ್ತವೆ. ಅವನ್ನೇ ಜೋಡಿಸಿದರೆ ಆಂಪ್ಲಿಫೈಯರಿನ ಎದೆ ಒಡೆಯುತ್ತದೆ ಎಂದು ಸ್ನೇಹಾಳಿಗೆ ತಿಳಿಸಿ ಹೇಳಿದ. ಹೊಸದರ ಹಿಂಬದಿಯ ಮೆತ್ತನೆ ದನಿಯ ಪಿನ್ನುಗಳಿಂದ ಆಂಪ್ಲಿಫೈಯರಿಗೆ ತಂತಿ ಎಳೆದ. ಅದರ ನೀಲಿ ವೈರನ್ನು ಆಂಪ್ಲಿಫೈಯರನ್ನು ಎಬ್ಬಿಸುವ ವೈರಿಗೆ ಕೂಡಿಸಿದ. ಸೀಟಿನಡಿ ಟಕ್ಕೆಂದಿತು, ಗಾಡಿಯ ತುಂಬ ದನಿ ಬಂತು. ಶಂಕ್ರಪ್ಪ ಕೈ ಮುಗಿದ.

ಗುಡ್ಡಪ್ಪ ದನಿಯನ್ನು ಸೊನ್ನೆಗೆ ತಂದು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿದ. ಗರ್ಭಗುಡಿಯಂಥ ಮೌನ. ತೃಪ್ತಿಯಿಂದ ಕಣ್ಣು ಬಿಟ್ಟಾಗ ಮುಂದೆ ಕೂತಿದ್ದ ಸ್ನೇಹಾ ಹುಬ್ಬು ಗಂಟಿಕ್ಕಿದ್ದಳು.

“ಕಾಕಾ, ಏನೋ ಶಿಳ್ಳಿ ಹೊಡದಂಗ ಕೇಳಸ್ತೈತಿ.”

ಬಾಜೂ ಅಂಗಡಿಯ ಫ್ಯಾನಿರಬೇಕು ಎಂದ. ಅವಳು ಕೈ ಚಾಚಿ ಎಂಜಿನ್ ಬಂದ್ ಮಾಡಿದಳು, ಈಗಿಲ್ಲ ಎಂದಳು. ಮತ್ತೆ ಚಾಲೂ ಮಾಡಿ, ಈಗ ಬಂತು ಎಂದಳು. ಡ್ರೈವರ್ ಸೀಟಿನಲ್ಲಿದ್ದ ಶಂಕ್ರಪ್ಪ ಎಕ್ಸಲರೇಟರ್ ಒತ್ತಿದ. ಅಪ್ಪ ಮಗಳ ಮುಖಗಳು ಒಟ್ಟಿಗೇ ಕಿವುಚಿಕೊಂಡವು. ಗುಡ್ಡಪ್ಪ ಆ ಮುಖಗಳನ್ನೇ ನೋಡಿದ. ಬಗ್ಗಿ ಬಾಗಿಲಿನ ಸ್ಪೀಕರಿಗೆ ಕಿವಿ ಒತ್ತಿದ. ಎಂಜಿನ್ನಿನ ಗುರುಗುರು ಬಿಟ್ಟು ಏನೂ ಇರಲಿಲ್ಲ. ಅಯಾಜ್ ಕೈ ಒರೆಸಿಕೊಂಡದ್ದು, ಟೈರಿನ ಸದ್ದೆಂದು ತಾನು ಸಾಗಹಾಕಿದ ಗಿರಾಕಿಗಳು, ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದು ನಿಂತಂತಾಯಿತು. ತಲೆ ಎತ್ತಿ ಸ್ನೇಹಾಳ ಕಡೆ ತಿರುಗಿದ.

“ನನಗ ಕೇಳಸವಲ್ದು ತಂಗಿ,” ಎಂದ ಕಡೆಗೆ. “ನಾ ವೈರು ಸರಿಸ್ತೇನಿ. ಯಾವಾಗ ನಿಂತಿತು, ನೀನ ಹೇಳು.”

ಶಂಕ್ರಪ್ಪ ಹಗುರ ಮಾಡಲು ನೋಡಿದ. “ನಮ್ಮ ಮನ್ಯಾಗ ನಾಕ ಮಾತು ಕೇಳಸದಿದ್ರ ಪುಣ್ಯಾ ಅಂತೀನ್ರಿ ನಾನು,” ಎಂದ. 

ಗುಡ್ಡಪ್ಪ ಹೊಸ ಸ್ಟೀರಿಯೊದ ಅರ್ಥಿಂಗ್ ವೈರನ್ನು ಬಿಚ್ಚಿ, ಗಾಡಿಯ ತಗಡಿನ ಬಣ್ಣ ಕೆರೆದು, ಒಂದೊಂದೇ ಕಡೆ ಹಿಡಿಯುತ್ತ ಬಂದ. ಐತಿ ಎಂದಳು ಸ್ನೇಹಾ. ಐತಿ, ಐತಿ. ಸೀಟಿನಡಿ ಆಂಪ್ಲಿಫೈಯರಿನ ಬೋಲ್ಟಿಗೇ ಅದನ್ನೂ ಬಿಗಿದಾಗ ನಿಂತಿತು ಎಂದಳು. ಖರೇನಾ ಎಂದು ಮೂರು ಸಲ ಕೇಳಿದ. ಮೂರು ಸಲವೂ ಹೂಂ ಎಂದಳು. ಅವಳ ಮಾತು ನಂಬದೆ ಅವನಿಗೆ ಬೇರೆ ದಾರಿ ಇರಲಿಲ್ಲ.

ಮರುದಿನ ಅಂಗಡಿ ತೆರೆಯಲಿಲ್ಲ. ಐದು ತಿಂಗಳಲ್ಲಿ ತನ್ನ ಕೈಯಿಂದ ಹೊರಟ ಗಾಡಿಗಳನ್ನು ನೆನಪು ಮಾಡಿ ಮಾಡಿ, ಊರು, ಹೆಸರು, ಫೋನ್ ನಂಬರು ಹುಡುಕಿ ಒಂದು ಹಾಳೆಯಲ್ಲಿ ಬರೆದ. ಅಯಾಜ್ ಶಿಳ್ಳೆ ಐತಿ ಅಂದಿದ್ದ ಐರಣಿಯ ಟ್ಯಾಕ್ಸಿಯಿಂದ ಹಿಡಿದು ಮೂವತ್ತೇಳು. ಹಾಳೆ ಮಡಚಿಕೊಂಡು ಹಾವೇರಿಯ ಬಸ್ಸು ಹತ್ತಿದ.

ಅಯಾಜ್ ಒಂದು ಗಾಡಿಯ ಬಾಗಿಲು ಬಿಚ್ಚುತ್ತಿದ್ದ. ಸ್ಟೂಲು ಸರಿಸಿ, ಬರ್ರಿ ಉಸ್ತಾದ ಎಂದ, ನಗಲಿಲ್ಲ. ಗುಡ್ಡಪ್ಪ ಕೂಡಲಿಲ್ಲ. ನಿಂತೇ ಎಲ್ಲ ಹೇಳಿದ, ಏನೂ ಮುಚ್ಚಲಿಲ್ಲ. ಅದಕ್ಕೂ ಹಿಂದಿನ ಒಂದೂವರೆ ವರ್ಷದ್ದು ಮಾತ್ರ ಬಿಡಿಸಲಾರದ ಗಂಟು, ಆಗಲೂ ನನಗೆ ಶಿಳ್ಳೆ ಕೇಳಿಸಿಲ್ಲ, ಆದರೆ ಯಾರೂ ತಕರಾರು ತಂದಿರಲಿಲ್ಲವಲ್ಲ ಎಂದ.

ಅಯಾಜ್ ಕೈಯಲ್ಲಿದ್ದ ತಂತಿಯನ್ನೇ ನೋಡುತ್ತಿದ್ದ. “ನೀವು ಊಟಕ್ಕ ಹೋದಾಗ ಅರ್ಥಿಂಗ್ ನಾ ಸರಿ ಮಾಡ್ತಿದ್ದೆ, ಉಸ್ತಾದ. ಅವತ್ತ ಗಿರಾಕಿ ಗಡಬಡಿ ಮಾಡಿದ, ಟೈಮ್ ಸಿಗಲಿಲ್ಲ. ಅದಕ್ಕ ಬಾಯಿ ಬಿಡಬೇಕಾತು.”

ಗುಡ್ಡಪ್ಪ ದೇವರ ದಯೆ ಎಂದು ಹಣೆಗೆ ಭಂಡಾರ ಹಚ್ಚಿಕೊಂಡು ತಿರುಗಿದ್ದು ಸುಳ್ಳಲ್ಲ, ದಯೆ ಇತ್ತು. ಅದು ಬಂದ ಕೈಯನ್ನು ತಾನೇ ಹೊಸ್ತಿಲಾಚೆ ಕಳಿಸಿದ್ದ.

ಹಾಳೆಯನ್ನು ಚಾಚಿದ. “ನಿನ್ನ ಕರಿಯಾಕ ಬಂದಿಲ್ಲಪಾ. ಇಷ್ಟು ಗಾಡಿ ಒಮ್ಮೆ ಕೇಳು. ಇದು ನನ್ನಿಂದ ಆಗೂದಲ್ಲ.”

ಅಯಾಜ್ ಹಾಳೆ ಬಿಡಿಸಿ ಮೇಲಿಂದ ಕೆಳಗಿನವರೆಗೆ ಓದಿದ. ಏನೋ ಹೇಳಿದ. ಅದೇ ಹೊತ್ತಿಗೆ ರಸ್ತೆಯಲ್ಲಿ ಲಾರಿ ಹೋಯಿತು. ಗುಡ್ಡಪ್ಪನಿಗೆ ತುಟಿ ಅಲುಗಿದ್ದಷ್ಟೇ ಕಂಡಿತು. ಹಿಂದೆಲ್ಲ ಇಂಥ ಹೊತ್ತಿಗೆ ತಲೆಯಾಡಿಸಿ ಸುಮ್ಮನಾಗುತ್ತಿದ್ದ. ಈಗ ಹತ್ತಿರ ಹೋಗಿ ಇನ್ನೊಮ್ಮೆ ಹೇಳು ಎಂದ.

“ಗಾಡಿ ಕಳಸ್ರಿ,” ಎಂದ ಅಯಾಜ್, ಎದುರಿನ ಚಹಾದಂಗಡಿಯವರು ತಿರುಗಿ ನೋಡುವಷ್ಟು ಜೋರಾಗಿ. “ಎಲ್ಲಾ ಮಾಡಿ ಕೊಡ್ತೇನಿ. ನೀವು ಬರೂದು ಬ್ಯಾಡ.”

ಗುಡ್ಡಪ್ಪ ಆಗಲಿ ಎಂದು, ಬಸ್ ಸ್ಟ್ಯಾಂಡಿನ ಕಡೆ ನಡೆದ.