ಗಂಗರತ್ನಮ್ಮನ ಸ್ಲೇಟು

ನನ್ನ ಬಾಯಿ ಎಂಥದ್ದು ಅಂತ ಕೊಡಿಗೇಹಳ್ಳಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಗಂಗರತ್ನಮ್ಮ ಬರುತ್ತಿದ್ದಾಳೆ ಅಂದರೆ ತರಕಾರಿ ಗಾಡಿಯವನು ತಕ್ಕಡಿ ಸರಿಮಾಡಿಕೊಳ್ಳುತ್ತಾನೆ. ಇಂಥ ಬಾಯಿಯನ್ನು ಎರಡು ವಾರ ಮುಚ್ಚಿಕೊಂಡಿರಿ ಅಂದರು ಗಂಟಲಿನ ಡಾಕ್ಟರು. ಕೂಗಿ ಕೂಗಿ ಒಳಗೆ ಗಂಟಾಗಿತ್ತಂತೆ. ಆಪರೇಷನ್ ಮಾಡಿ ತೆಗೆದು, ಪಿಸುಮಾತೂ ಕೂಡದು ಅಂತ ಮನೆಗೆ ಕಳಿಸಿದರು.

ಗಂಟಲಿಗಿಂತ ದೊಡ್ಡ ಚಿಂತೆ ನನಗೆ ಮಗಳದು. ಇಂದುಗೆ ಇಪ್ಪತ್ತಮೂರು ವರ್ಷ. ಬೀದಿ ನಾಯಿಗಳ ಜೊತೆ ಗಂಟೆಗಟ್ಟಲೆ ಹರಟುತ್ತಾಳೆ, ಮನುಷ್ಯರು ಎದುರಿಗೆ ಬಂದರೆ ಮಾತ್ರ ನನ್ನ ಮುಖ ನೋಡುತ್ತಾಳೆ. ಹೆಬ್ಬಾಳದ ನಾಯಿ-ಬೆಕ್ಕುಗಳ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸ ಸಿಗಬೇಕು ಅಂತ ಅವಳಿಗೆ ಬಹಳ ಆಸೆ. ಆಪರೇಷನ್ನಿಗೆ ಮೊದಲು ಇಂಟರ್‌ವ್ಯೂಗೆ ಕರೆದಾಗ ನಾನೂ ಒಳಗೆ ಹೋಗಿದ್ದೆ. ಹೆಸರೇನು ಅಂತ ಅವಳನ್ನು ಕೇಳಿದರೆ "ಇಂದು" ಅಂದೆ ನಾನು. ಏನು ಓದಿದ್ದೀಯ ಅಂದರೆ "ಬಿಕಾಂ" ಅಂದವಳೂ ನಾನೇ.

"ಕೆಲ್ಸ ಬೇಕಾಗಿರೋದು ನಿಮಗಾ, ಮಗಳಿಗಾ ಅಮ್ಮಾ?" ಅಂದರು ಅಲ್ಲಿಯ ವಂದನಾ ಮೇಡಂ. "ಎರಡು ತಿಂಗಳಾದ್ಮೇಲೆ ಇನ್ನೊಬ್ರನ್ನ ತಗೋತೀವಿ. ಆಗ ಇವ್ರೇ ಬಂದು ಮಾತಾಡ್ಲಿ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಮೇಡಮ್ಮನ್ನು ಬೈದೆ. ಇಂದು ಕಿಟಕಿಯ ಕಡೆ ತಿರುಗಿ ಅಳುತ್ತಿದ್ದಳು.

ಆಪರೇಷನ್ ಆದ ಮೇಲೆ ಮನೆಗೆ ಸ್ಲೇಟು ಬಂತು. ನಾನು ಓದಿದ್ದು ನಾಲ್ಕನೇ ಕ್ಲಾಸು, ಒಂದು ಪದ ಬರೆಯುವಷ್ಟರಲ್ಲಿ ಒಲೆ ಮೇಲೆ ಹಾಲು ಉಕ್ಕುತ್ತದೆ. ಮೊದಲ ದಿನವೇ ಸೊಪ್ಪಿನವಳು ಬಾಡಿದ ದಂಟಿನ ಕಟ್ಟು ಕೈಗಿಟ್ಟಳು. ಮೈ ಉರಿದುಹೋಯಿತು. "ಬಾಡಿದೆ, ಬೇಡ" ಅಂತ ಬರೆಯಲು ಬಗ್ಗಿದೆ. ಇಂದು ಅಭ್ಯಾಸದಂತೆ ನನ್ನ ಕಡೆ ತಿರುಗಿದಳು. ನಾನು ಸ್ಲೇಟಿನಲ್ಲಿ ಮುಳುಗಿದ್ದೆ, ನೋಡಲು ಅವಳಿಗೆ ಮುಖವೇ ಸಿಗಲಿಲ್ಲ.

"ಬಾಡಿದೆ," ಅಂದಳು, ನೆಲ ನೋಡಿಕೊಂಡು. ಸೊಪ್ಪಿನವಳಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಅಂದಳು. ಸೊಪ್ಪಿನವಳು ಬೇರೆ ಕಟ್ಟು ತೆಗೆದುಕೊಟ್ಟಳು. ನಾನಿನ್ನೂ "ಬಾಡಿ"ಯಲ್ಲೇ ಇದ್ದೆ.

ನಾಲ್ಕನೇ ದಿನ ನೀರಿನ ಟ್ಯಾಂಕರಿನವನಿಗೆ ಫೋನ್ ಮಾಡಬೇಕಾಯಿತು. ಇಂದು ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು, ಎರಡು ಸಲ ಕಟ್ ಮಾಡಿ, ಮೂರನೇ ಸಲ ಒಂದೇ ಉಸಿರಿಗೆ ಓದಿಬಿಟ್ಟಳು. ಮುಂದಿನ ವಾರ ಚೀಟಿ ಇರಲಿಲ್ಲ. ನಮ್ಮ ಮಹಡಿ ಮನೆ ಬೇರೆ ಖಾಲಿಯಿತ್ತು. ಟು-ಲೆಟ್ ಬೋರ್ಡು ನೋಡಿ ಬಂದವರಿಗೆ ಮೊದಮೊದಲು ಬೀಗ ತೆಗೆದುಕೊಟ್ಟು ಬಾಗಿಲಲ್ಲೇ ನಿಲ್ಲುತ್ತಿದ್ದಳು. ಆಮೇಲೆ ನೀರು ಬರುವ ಹೊತ್ತು ಹೇಳತೊಡಗಿದಳು. ನಾನಾಗಿದ್ದರೆ ಊರು, ಕೆಲಸ, ದಿನಾ ಏನು ಅಡುಗೆ ಅಂತೆಲ್ಲ ಕೇಳಿ ಓಡಿಸುತ್ತಿದ್ದೆ. ಇವಳು ಒಂದು ಸಂಸಾರಕ್ಕೆ, "ಬಚ್ಚಲಲ್ಲಿ ಸ್ವಲ್ಪ ಸೋರುತ್ತೆ, ರಿಪೇರಿ ಮಾಡಿಸ್ಕೊಡ್ತೀವಿ" ಅಂತ ನಿಜವನ್ನೇ ಹೇಳಿಬಿಟ್ಟಳು! ಮೆಟ್ಟಿಲ ಮೇಲೆ ಕೂತು ಹಣೆ ಚಚ್ಚಿಕೊಂಡೆ. ಅವರು ಆ ನಿಜಕ್ಕೇ ಮೆಚ್ಚಿ ಅಲ್ಲೇ ಮನೆ ಒಪ್ಪಿಕೊಂಡರು.

ಎರಡು ವಾರ ಕಳೆದು ಡಾಕ್ಟರ ಹತ್ತಿರ ಒಬ್ಬಳೇ ಹೋದೆ. "ಇನ್ನು ಮಾತಾಡಿ, ಕೂಗ್ಬೇಡಿ ಅಷ್ಟೇ," ಅಂದರು. ಖುಷಿಗೆ ವಾಪಸು ಬರುವಾಗ, ಬೀದಿ ಮೂಲೆಯಲ್ಲೇ ಇಳಿಸಿದ್ದಕ್ಕೆ ಆಟೋದವನಿಗೆ ಚೆನ್ನಾಗಿ ಜಾಡಿಸಿದೆ. ನಡೆದು ಬಂದರೆ ನಮ್ಮ ಗೇಟಿನಲ್ಲಿ ಇಂದು, ಒಡೆದ ಪಾರ್ಸೆಲ್ ತಂದ ಕೊರಿಯರ್‌ನವನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಾಳೆ! ನನಗೆ ಕಣ್ಣು ತುಂಬಿ ಬಂತು, ಹಿಂದೆಯೇ ನಾಚಿಕೆಯೂ ಆಯಿತು. ಇಷ್ಟು ವರ್ಷ ಈ ಮಗುವಿಗೆ ಮಾತಾಡಲು ಜಾಗವನ್ನೇ ಬಿಡದವಳು ನಾನೇ ಅಲ್ಲವೇ? ಒಳಗೆ ಹೋಗಿ ಸ್ಲೇಟು ತೆಗೆದುಕೊಂಡು "ಇನ್ನೂ ಒಂದೂವರೆ ತಿಂಗಳು ಮಾತು ಕೂಡದಂತೆ" ಅಂತ ಬರೆದು ತೋರಿಸಿದೆ. ಆ ಒಂದೂವರೆ ತಿಂಗಳು ನಾನು ನುಂಗಿಕೊಂಡ ಮಾತು ದೇವರಿಗೇ ಗೊತ್ತು.

ಇಂಟರ್‌ವ್ಯೂ ದಿನ ಸ್ಲೇಟನ್ನು ಬ್ಯಾಗಿಗೆ ಹಾಕಿಕೊಂಡು ಜೊತೆಗೆ ಹೋದೆ. ವಂದನಾ ಮೇಡಂ ನನ್ನನ್ನು ನೋಡಿ ಹುಬ್ಬೇರಿಸಿದರು. "ಹೆಸರು ಹೇಳಿ," ಅಂದರು. ನನ್ನ ನಾಲಿಗೆ ತುದಿಗೆ ಬಂದೇಬಿಟ್ಟಿತ್ತು. ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

"ಇಂದು, ಮೇಡಂ. ಅಮ್ಮಂಗೆ ಗಂಟಲು ಆಪರೇಷನ್ ಆಗಿದೆ. ಅವ್ರು ಇಲ್ಲೇ ಕೂತಿರ್ತಾರೆ, ನಾನ್ ಒಳಗೆ ಬರ್ತೀನಿ."

ಬಾಗಿಲು ಮುಚ್ಚಿತು. ನಾನು, ಕಾಲಿಗೆ ಪಟ್ಟಿ ಕಟ್ಟಿದ್ದ ಒಂದು ನಾಯಿ, ಇಬ್ಬರೂ ಅದೇ ಬಾಗಿಲು ನೋಡುತ್ತ ಕೂತೆವು. ಒಳಗೆ ಬಾಯಿ ಕಟ್ಟಿಬಿಟ್ಟರೆ? ಮತ್ತೆ ಅಳುತ್ತ ಬಂದರೆ? ಅರ್ಧ ಗಂಟೆ ನನಗೆ ಅರ್ಧ ದಿನವಾಯಿತು. ಕೊನೆಗೆ ಅವಳು ಹೊರಗೆ ಬಂದಳು.

"ಎಂಗಾಯ್ತೇ?" ಬಾಯಿ ತಪ್ಪಿ ಬಂದೇಬಿಟ್ಟಿತು.

"ಸೋಮವಾರದಿಂದ ಬಾ ಅಂದ್ರು."

ಅಬ್ಬಾ! ಎದೆಯ ಮೇಲಿನ ಭಾರವೆಲ್ಲ ಇಳಿದುಹೋಯಿತು. ಅವಳ ಕೈ ಹಿಡಿದುಕೊಂಡೆ. ಸ್ಲೇಟಿನ ನೆನಪಾದದ್ದೇ ಆಮೇಲೆ. ನನ್ನ ಮುಖ ನೋಡಿ ಅವಳು ನಕ್ಕಳು.

"ನಂಗೆ ಗೊತ್ತಿತ್ತಮ್ಮ. ಅವತ್ತು ಆಟೋದವ್ನಿಗೆ ಬೈದಿದ್ದು ಗೇಟ್ ತನಕ ಕೇಳಿಸ್ತು."

"ಮತ್ತೆ ಇಷ್ಟ್ ದಿನ ಯಾಕೇ ಸುಮ್ಕಿದ್ದೆ?"

"ನೀನೂ ಕಲೀತಾ ಇದ್ದೆ ಅಲ್ವಾ," ಅಂದಳು ಇಂದು. "ಮಧ್ಯದಲ್ಲಿ ಬಾಯಿ ಹಾಕೋದು ಬೇಡ ಅಂತ."