ದೇವರ ತಟ್ಟೆಯ ಸೊಪ್ಪು

ನನ್ನ ಅತ್ತೆ ಚನ್ನಾಜಮ್ಮನವರ ಮೂಗು ಬಲು ಚುರುಕು. ತಲೆನೋವೆಂದು ಹಣೆಗೆ ಮುಲಾಮು ಹಚ್ಚಿಕೊಂಡಿದ್ದೆ. ಸೋಪು ಹಾಕಿ ತೊಳೆದೇ ಹುಳದ ಮನೆಗೆ ಹೋಗಿದ್ದರೂ ಅವರಿಗೆ ಗೊತ್ತಾಗಿಬಿಟ್ಟಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ರೇಷ್ಮೆಹುಳಗಳು ಸೊಪ್ಪು ಮುಟ್ಟಿಲ್ಲ. ನಾಲ್ಕನೇ ಜ್ವರ, ಎಂದರೆ ಪೊರೆ ಬಿಡುವ ನಿದ್ದೆ, ಕಳೆದೆದ್ದ ಹುಳಗಳು, ಗೂಡು ಕಟ್ಟುವ ಮುಂಚೆ ಬಕಾಸುರರಂತೆ ಮೇಯಬೇಕಾದ ಕಾಲ. ಅವು ತಲೆ ಎತ್ತಿಕೊಂಡು ಸುಮ್ಮನೆ ಬಿದ್ದಿದ್ದವು. ಕೆಲವಂತೂ ವಾಂತಿ ಮಾಡಿಕೊಂಡಿದ್ದವು.

ದೇವನೂರಿನಲ್ಲಿ ಹುಳ ಸಾಕುವವರ ಮನೆಗಳಲ್ಲಿ ಬೀಡಿ, ಊದುಬತ್ತಿ, ಪೌಡರು ಯಾವ ವಾಸನೆಯೂ ಹುಳದ ಹತ್ತಿರ ಸುಳಿಯುವಂತಿಲ್ಲ. ಹಾಗಿರುವಾಗ ಮುಲಾಮು ಹಚ್ಚಿಕೊಂಡ ಸೊಸೆಯನ್ನು ಯಾರು ಬಿಡುತ್ತಾರೆ? ಅತ್ತೆ ಕೂಗಾಡಲಿಲ್ಲ. "ಕೈಯಾರೆ ಕೊಂದ್ಬುಟ್ಟೆ ಕಣವ್ವ. ಇನ್ ಒಳೀಕೆ ಕಾಲಿಡ್ಬೇಡ," ಎಂದರು, ಅಷ್ಟೇ. ಎದುರು ಮನೆ ರಮ್ಯಳಿಗೂ ಅವರೇ ಹೇಳಿದ್ದಾಯಿತು. ಅವಳಿಂದ ಬೀದಿಗೆಲ್ಲ ಸುದ್ದಿಯೂ ಆಯಿತು. ನನ್ನ ಗಂಡ ಬಸವೇಶ್ ಸ್ಪ್ರೇಯರ್ ರಿಪೇರಿಯ ನೆಪ ಹೇಳಿ ನಂಜನಗೂಡಿನ ಬಸ್ಸು ಹತ್ತಿ ಜಾರಿಕೊಂಡರು. ನನಗೆ ಸಿಟ್ಟು ಬಂದಿತ್ತು, ನಿಜ. ಆದರೆ ಸಿಟ್ಟಿಗಿಂತ ಹೆಚ್ಚಾಗಿ ಭಯ. ಒಂದು ಬೆಳೆಯನ್ನೇ ನಾನು ಹಾಳು ಮಾಡಿದ್ದರೆ ಈ ಮನೆಯಲ್ಲಿ ತಲೆ ಎತ್ತಿ ಓಡಾಡುವುದು ಹೇಗೆ?

ಮನಸ್ಸು ತಡೆಯದೆ ಹುಳದ ಮನೆಯ ಕಿಟಕಿಯ ಬಲೆಗೆ ಮುಖ ಒತ್ತಿ ನೋಡಿದೆ. ಮೂಲೆಯಲ್ಲಿ ದೇವರ ತಟ್ಟೆ ಇತ್ತು. ನಮ್ಮ ಮನೆಯಲ್ಲಿ ಪ್ರತಿ ಬೆಳೆಯಲ್ಲೂ ಒಂದು ಬಿದಿರು ತಟ್ಟೆಯಷ್ಟು ಹುಳ ಸ್ವಾಮಿಯ ಹೆಸರಿಗೆ. ಅದರ ಗೂಡು ಮಾರಿದ ಹಣ ಮಠದ ದಾಸೋಹಕ್ಕೆ ಸಲ್ಲುತ್ತದೆ. ಅದಕ್ಕೆ ಬೇಕಾದ ಸೊಪ್ಪನ್ನು ಅತ್ತೆಯೇ ಸ್ನಾನ ಮಾಡಿ, ಯಾರೂ ಚಪ್ಪಲಿ ಮೆಟ್ಟಿ ಓಡಾಡದ, ತೋಟದ ಬಾವಿ ಕಡೆಯ ಸಾಲುಗಳಿಂದ ಬಿಡಿಸಿ ತರುತ್ತಾರೆ. ಆ ತಟ್ಟೆಯ ಹುಳಗಳು ಸರಬರ ಮೇಯುತ್ತಿದ್ದವು!

"ಸ್ವಾಮಿ ತನ್ನುಳನ ತಾನೇ ಕಾದ್ಕಂಡವ್ನೆ," ಎಂದು ಒಳಗಿನಿಂದ ಅತ್ತೆ ನಿಟ್ಟುಸಿರುಬಿಟ್ಟರು.

ನನ್ನ ತಲೆಯಲ್ಲಿ ಏನೋ ಹೊಳೆಯಿತು. "ಅತ್ತೆ, ನೆನ್ನೆ ಆ ತಟ್ಟೆ ಎತ್ತಿಟ್ಟೋಳೂ ನಾನೇ. ಅದುಕ್ಕೆ ಮುಲಾಮಿನ ವಾಸ್ನೆ ತಾಕ್ನಿಲ್ವಾ?"

ಹಾಗಾದರೆ ದೋಷ ನನ್ನ ಕೈಯಲ್ಲಲ್ಲ, ಸೊಪ್ಪಿನಲ್ಲಿರಬೇಕು. ನಾನು ತೋಟದ ಕಡೆ ಓಡಿದೆ.

ಹೋದ ವಾರ ದೊಡ್ಡ ರಸ್ತೆಯಲ್ಲಿ ಸೇತುವೆ ರಿಪೇರಿ ಶುರುವಾದ ಮೇಲೆ ಜಲ್ಲಿ ಲಾರಿ, ಟಿಪ್ಪರು, ಬಸ್ಸು ಎಲ್ಲವನ್ನೂ ನಮ್ಮ ಹಿಪ್ಪುನೇರಳೆ ತೋಟದ ಪಕ್ಕದ ದಾರಿಗೆ ತಿರುಗಿಸಿದ್ದರು. ಗುಂಡಿಗಳಿಂದ ಏಳಲಾರದೆ ಅವು ಉಗುಳುವ ಹೊಗೆ ನೇರವಾಗಿ ಸೊಪ್ಪಿನ ಮೇಲೆ. ನಾವು ಸೊಪ್ಪು ಕೊಯ್ಯುವುದೂ ಯಾವಾಗಲೂ ರಸ್ತೆ ಕಡೆಯಿಂದಲೇ. ಗೂಡ್ಸ್ ಆಟೋ ಅಲ್ಲೇ ನಿಲ್ಲುತ್ತದಲ್ಲ, ಹೊರುವ ಕಷ್ಟ ತಪ್ಪುತ್ತದೆ. ಬಾವಿ ಕಡೆಯದನ್ನು ದೇವರ ತಟ್ಟೆಗಲ್ಲದೆ ಮುಟ್ಟುವುದಿಲ್ಲ.

ಎರಡೂ ಕಡೆಯಿಂದ ಒಂದೊಂದು ಕಡ್ಡಿ ಮುರಿದು ತಂದು ಅತ್ತೆಯ ಮುಂದೆ ಹಿಡಿದೆ. ಅವರು ರಸ್ತೆ ಕಡೆಯ ಎಲೆಯನ್ನು ತಮ್ಮ ಸೆರಗಿನಿಂದಲೇ ಒರೆಸಿದರು. ಸೆರಗಿಗೆ ಕಪ್ಪು ಜಿಡ್ಡು ಹತ್ತಿತು. ಧೂಳಾಗಿದ್ದರೆ ಕೊಡವಿದರೆ ಹೋಗುತ್ತಿತ್ತು, ಇದು ಹೋಗುವಂಥದ್ದಲ್ಲ. ತೊಳೆದು ಹಾಕೋಣವೆಂದರೆ ಒದ್ದೆ ಸೊಪ್ಪು ತಿಂದ ಹುಳ ಬದುಕುವುದಿಲ್ಲ. ಬಾವಿ ಕಡೆಯ ಎಲೆ ಒರೆಸಿದ ಜಾಗದಲ್ಲಿ ಮಾತ್ರ ಸೆರಗು ಸೆರಗಾಗಿಯೇ ಇತ್ತು.

ದೇವರಿಗೆಂದು ಮೀಸಲಿಟ್ಟ ಸಾಲುಗಳಿಗೆ ಕುಡುಗೋಲು ಹಾಕುವುದು ಹೇಗೆಂದು ಅತ್ತೆ ಅಳುಕುತ್ತಿದ್ದರು. ಹಾಕಿ ಎನ್ನುವ ಧೈರ್ಯ ನನಗೂ ಬರಲಿಲ್ಲ.

"ಎಲ್ಲಾ ಉಳನೂ ಸ್ವಾಮೀದೇಯ," ಎಂದರು ಕೊನೆಗೆ. "ಕುಡ್ಲು ತಗೊಂಡ್ ಬಾ."

ಹಳೆಯ ಸೊಪ್ಪನ್ನೆಲ್ಲ ಎತ್ತಿ ಎಸೆದೆವು, ಅಂದರೆ ಅವರು ಒಳಗಿನಿಂದ ಎತ್ತಿ ಕೊಟ್ಟರು, ನಾನು ಹೊರಗೆ ಎಸೆದೆ. ಹುಳದ ಹಾಸಿಗೆಗೆ ಸುಣ್ಣ ಉದುರಿಸಿ ಬಾವಿ ಕಡೆಯ ಸೊಪ್ಪು ಹಾಸಿದರು. ಸಾಲದ್ದನ್ನು ಲಾರಿ ಓಡಾಡದ ಕಡೆ ತೋಟವಿದ್ದ ನಮ್ಮೂರ ಪುಟ್ಟರಾಜು ಅವರಿಂದ ತಂದೆವು. ಒಂದಷ್ಟು ಹುಳ ಸತ್ತವು. ಉಳಿದವು ಸಂಜೆಗೆ ಮೆಲ್ಲನೆ ಹರಿದಾಡಿದವು, ಮರುದಿನ ಬೆಳಿಗ್ಗೆ ಕಡ್ಡಿಯ ಮೇಲೆ ಒಂದು ಎಲೆಯನ್ನೂ ಬಿಟ್ಟಿರಲಿಲ್ಲ. ಹುಳದ ಮನೆಯ ಬಾಗಿಲಾಚೆ ಕುಳಿತು ಆ ಮೇಯುವ ಸದ್ದು ಕೇಳುತ್ತಾ ಅತ್ತುಬಿಟ್ಟೆ. ಎದೆಯ ಮೇಲಿನ ಕಲ್ಲು ಇಳಿದಿತ್ತು.

ಅತ್ತೆ ಜಗಲಿಗೆ ಬಂದು ನಿಂತು, ನೀರು ಹಿಡಿಯುತ್ತಿದ್ದ ರಮ್ಯಳನ್ನು ಕರೆದರು. ನಲ್ಲಿಯ ಹತ್ತಿರ ಇದ್ದವರೆಲ್ಲ ತಿರುಗಿ ನೋಡಿದರು.

"ನೆನ್ನೆ ನಾನ್ ಏಳಿದ್ದು ತಪ್ಪು ಕಣವ್ವ. ಉಳ ಕೆಡಿಸಿದ್ದು ಲಾರಿ ಒಗೆ. ಉಳಿಸಿದ್ದು ನನ್ ಮಗ್ಳು."

ಮದುವೆಯಾಗಿ ಬಂದಂದಿನಿಂದ ಆ ಬಾಯಲ್ಲಿ ನಾನು 'ಬಸವೇಶನ ಹೆಂಡ್ತಿ'ಯೇ ಆಗಿದ್ದೆ. ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅವರು ಹುಳದ ಮನೆಯ ಬಾಗಿಲು ತೆರೆದು, ಅಲ್ಲೇ ಯಾಕೆ ಕುಂತಿದ್ದೀಯ, ಸೊಪ್ಪು ಹಾಕಬೇಡವೇ ಎಂದು ಗದರಿದರು. ನಾನು ಕಾಲು ತೊಳೆದುಕೊಂಡು ಒಳಗೆ ಹೋದೆ.