ಕೇಡ್ ಸುಧೀ

ಗಿರಿಧರನ ಅಂಗೈ ಹೆಂಡತಿ ಇಂದುಮತಿಯ ಕೆನ್ನೆಗೆ ಬಿದ್ದಾಗ ದೋಣಿಯಲ್ಲಿದ್ದವರೆಲ್ಲ ಹಕ್ಕಿ ನೋಡುತ್ತಿದ್ದರು. ಅಷ್ಟು ಹೊತ್ತು ಚಕ್ಕುಲಿ ಜಗಿಯುತ್ತ ಗದ್ದಲ ಮಾಡುತ್ತಿದ್ದ ಕನ್ನಡ ಸಂಘದ ಮಂದಿಗೆ ಏಟಿನ ಸದ್ದು ಕೇಳಿದ್ದೇ ತಡ, ಒಬ್ಬೊಬ್ಬರಿಗೂ ಒಂದೊಂದು ದಿಕ್ಕಿನಲ್ಲಿ ಅಪರೂಪದ ಹಕ್ಕಿ ಕಂಡುಬಿಟ್ಟಿತು. ಪ್ರವಾಸ ಹೊರಡಿಸಿದ ರೈಲ್ವೆಯ ವಾಸುದೇವ ರಾಯರು ದುರ್ಬೀನನ್ನು ಕಣ್ಣಿಗೆ ಒತ್ತಿಕೊಂಡು, "ಅಗೊ, ನಾಮದ ಕೋಳಿ ಮಾರಾಯ್ರೇ, ಸಾವಿರ ಉಂಟು!" ಎಂದು ಕೂಗಿದರು. ನಳಸರೋವರದಲ್ಲಿ ನಾಮದ ಕೋಳಿ ಕಾಗೆಯಷ್ಟೇ ಅಗ್ಗ.

ತಪ್ಪು ಇಂದುಮತಿಯದೇ. ಅವಳು ನಕ್ಕಿದ್ದಳು.

ಸ್ವಲ್ಪ ಮುಂಚೆ ರಾಯರು ದೋಣಿಯ ಕಾಳುಭಾಯಿಯನ್ನು ನೀರು ಎಷ್ಟು ಆಳ ಎಂದು ಹಿಂದಿಯಲ್ಲಿ ಕೇಳಿದ್ದರು. ಬಿದಿರಿನ ಗಳ ಊರುತ್ತ ಅವನು, "ಕೇಡ್ ಸುಧೀ, ಸಾಹೇಬ" ಎಂದಿದ್ದ. ರಾಯರ ಹೆಂಡತಿ ಯಶೋದಾ ಎದೆ ಮುಟ್ಟಿಕೊಂಡು, "ಅಯ್ಯೋ, ಕೇಡಿನ ಸುದ್ದಿಯಂತೆ!" ಎಂದರು. ಗಿರಿಧರ ವಿಮಾ ಅಧಿಕಾರಿ, ಕೇಡು ಎಂದರೆ ಅವನಿಗೆ ಕಸುಬು. "ನಾ ಮೊದಲ ಹೇಳಿದ್ದಿಲ್ಲೇನ್ರಿ? ಇದು ಮಂದೀನ್ನ ನುಂಗೋ ಕೆರಿ. ದಂಡೀನ ಕಾಣವಲ್ದು ನೋಡ್ರಿ" ಎಂದು ಎಲ್ಲರನ್ನೂ ದೋಣಿಯ ಅಂಚು ಹಿಡಿಸಿ ಕೂರಿಸಿದ. ಅಹಮದಾಬಾದಿಗೆ ಬಂದು ಇಷ್ಟು ವರ್ಷವಾದರೂ ಗುಜರಾತಿಯ ಒಂದಕ್ಷರ ಕಲಿಯದ್ದು ಅವನಿಗೊಂದು ಹೆಮ್ಮೆ. ಇಂದುಮತಿಯೋ, ನವರಾತ್ರಿ ಬಂತೆಂದರೆ ಮಣಿನಗರದ ಅಕ್ಕಪಕ್ಕದ ಹುಡುಗಿಯರಿಗೆಲ್ಲ ಗರ್ಬಾದ ಲಂಗ ಹೊಲಿದುಕೊಡುವವಳು. ಕೇಡ್ ಎಂದರೆ ಸೊಂಟ. ಟೇಪು ಸುತ್ತಿ ಅವಳು ಅಳೆದ ಕೇಡ್‌ಗಳಿಗೆ ಲೆಕ್ಕವಿಲ್ಲ. ಕೇಡ್ ಸುಧೀ ಅಂದರೆ ಸೊಂಟದವರೆಗೆ, ಅಷ್ಟೇ ನೀರು. ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ನಗು ಬಂತು, ಏಟೂ ಬಂತು.

"ನಾಕ ಮಂದ್ಯಾಗ ನನ್ನ ನೋಡಿ ಹಲ್ಲ ಕಿಸೀತಿ? ಇನ್ನೊಮ್ಮೆ ಬಾಯಿ ತಗದ್ರ ಹಿಡದ ನೀರಿಗೆ ಒಗೀತೀನಿ."

ಮನೆಯಲ್ಲಾದರೆ ಅವನು ಮೊದಲು ಕಿಟಕಿ ಮುಚ್ಚುತ್ತಿದ್ದ, ಟೀವಿಯ ಸದ್ದು ಜೋರು ಮಾಡುತ್ತಿದ್ದ. ಬೆಲ್ಟು, ಲಟ್ಟಣಿಗೆ, ಕೈಗೆ ಸಿಕ್ಕಿದ್ದು. ಇಂದುಮತಿಯ ಎಡಗಿವಿ ಈಗ ಅರ್ಧಂಬರ್ಧ ಕೇಳುತ್ತದೆ. ಮಗಳು ಪೂರ್ವಿಯ ಮೈಮೇಲೆ ಕೈ ಬೀಳುವ ತನಕ ತಾಳುತ್ತೇನೆ ಎಂದು ಅವಳು ತನಗೆ ತಾನೇ ಮಾತು ಕೊಟ್ಟುಕೊಂಡಿದ್ದಳು. ಆಮೇಲೆ ಏನು ಎಂಬುದನ್ನು ಯೋಚಿಸಲು ಹೆದರಿಕೆ.

ಅಷ್ಟರಲ್ಲಿ ಮೇಲಿನಿಂದ ಗಿಡುಗವೊಂದು ಎರಗಿತು. ನಾಮದ ಕೋಳಿಗಳು ಕಿರುಚುತ್ತ ಒತ್ತಾಗಿ ಗುಂಪುಗೂಡಿದವು, ಅಂಚಿನಲ್ಲಿದ್ದ ಒಂದು ಸಿಕ್ಕಿಬಿತ್ತು. ಗಿಡುಗ ಅದನ್ನು ಎತ್ತಿಕೊಂಡು ಹೋಗಲಿಲ್ಲ, ಮೇಲೆ ನಿಂತು ಉಗುರು ನಾಟಿ ನೀರಿನೊಳಗೇ ಒತ್ತಿ ಹಿಡಿಯಿತು. ಕರಿ ರೆಕ್ಕೆ ಪಟಪಟ ಬಡಿದು ಬಡಿದು ನಿಂತಿತು.

"ಉಸಿರು ಕಟ್ಟಿಸಿ ಕೊಲ್ತದೆ, ನೋಡಿ, ನೋಡಿ!" ಎಂದರು ರಾಯರು.

"ಪಾಪ, ಮೂಕಜೀವ" ಎಂದು ಯಶೋದಾ ಕಣ್ಣೊರೆಸಿಕೊಂಡರು. ಕೆಂಪಗೆ ಬೆರಳು ಮೂಡಿದ ಕೆನ್ನೆ ಅವರ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿತ್ತು.

ಪೂರ್ವಿ ಮಾತ್ರ ಹಕ್ಕಿಯನ್ನೂ ನೋಡಲಿಲ್ಲ, ನೀರನ್ನೂ ನೋಡಲಿಲ್ಲ. ಮಣಿನಗರದಲ್ಲೇ ಹುಟ್ಟಿ ಬೆಳೆದ ಹುಡುಗಿ, ಕನ್ನಡ ಅವಳ ಬಾಯಲ್ಲಿ ಎಡವುತ್ತ ಬರುತ್ತಿತ್ತು. ಆದರೂ ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಪಪ್ಪಾ, ಮಮ್ಮಿದು ತಪ್ಪಿಲ್ಲ. ನಿಮಗೇ ಬರಲ್ಲ. ಕೇಡ್ ಮತ್ಲಬ್..."

ಗಿರಿಧರ ರಾಯರ ದುರ್ಬೀನು ಕಿತ್ತುಕೊಂಡು ಪಟ್ಟಿ ಹಿಡಿದು ಬೀಸಿದ. ಅದು ಹುಡುಗಿಯ ಹುಬ್ಬಿಗೆ ಬಡಿಯಿತು. ರಕ್ತ ಕಣ್ಣಿಗಿಳಿದು ಅವಳು ಕುಕ್ಕರಿಸಿದಳು. ಅವನು ಮತ್ತೆ ಬೀಸಲು ಕೈಯೆತ್ತಿದ.

ಇಂದುಮತಿ ಎರಡೂ ಕೈಯಿಂದ ಆ ಮಣಿಕಟ್ಟು ಹಿಡಿದಳು. ಇಷ್ಟು ವರ್ಷ ಆ ಕೈ ತಡೆದವಳಲ್ಲ, ಮುಖ ಮುಚ್ಚಿಕೊಳ್ಳುವುದಷ್ಟೇ ಗೊತ್ತಿತ್ತು. ಅವನು ಕಕ್ಕಾಬಿಕ್ಕಿಯಾದ, ಆಮೇಲೆ ಕಿಡಿಕಿಡಿಯಾದ. "ಬಿಡ, ಬಿಡ ಅಂದೆ!" ಎಂದು ಮೈಭಾರವನ್ನೆಲ್ಲ ಹಾಕಿ ಹಿಂದಕ್ಕೆ ಜಗ್ಗಿದ. ಅವಳು ಬಿಟ್ಟಳು.

ತಲೆ ಅಂಚಿಗೆ ಬಡಿದು ಅವನು ಅಂಗಾತ ನೀರಿಗೆ ಬಿದ್ದ. ಮುಳುಗಿದ, ಎದ್ದ, ಕೂಗಲು ಬಾಯಿ ತೆರೆದಾಗ ನೀರು ನುಗ್ಗಿತು. ಕಾಲು ಮಡಚಿಕೊಂಡು ಕೈ ಬಡಿಯುತ್ತಿದ್ದ ಅವನ ಸುತ್ತ ನೀರು ಕೆಂಪಾಯಿತು. ದೋಣಿಯಲ್ಲಿ ಹಾಹಾಕಾರ ಎದ್ದಿತು. "ಅಯ್ಯೋ, ಯಾರಿಗಾದ್ರೂ ಈಜು ಬರ್ತದಾ?" ಎಂದು ರಾಯರು ಅರಚಿದರು.

"ಊಭಾ ಥಾವ್, ಸಾಹೇಬ, ಊಭಾ ಥಾವ್!" ಎಂದು ಕಾಳುಭಾಯಿ ಕೂಗುತ್ತಿದ್ದ. ಎದ್ದು ನಿಲ್ಲಿ ಎನ್ನುತ್ತಿದ್ದ. ಗಿರಿಧರನಿಗೆ ಅದು ತಿಳಿಯುವುದು ಹೇಗೆ? ಕನ್ನಡದಲ್ಲಿ ಒಂದೇ ಮಾತು ಸಾಕಿತ್ತು. ಅದು ಇಂದುಮತಿಯ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಹೇಳಲಿಲ್ಲ. ನೀರಿಗಿಳಿಯಲು ಧೋತಿ ಎತ್ತಿ ಕಟ್ಟುತ್ತಿದ್ದ ಕಾಳುಭಾಯಿಗೆ, "ರೆಹವಾ ದೋ" ಎಂದಳು, ಇರಲಿ ಬಿಡಿ ಎನ್ನುವ ಹಾಗೆ. ಅವನು ಹುಡುಗಿಯ ಹುಬ್ಬನ್ನು ನೋಡಿದ, ಗಳ ಊರಿ ಸುಮ್ಮನೆ ನಿಂತ.

ಕೈ ಬಡಿತ ಸೋಲತೊಡಗಿದಾಗ ಅವಳು ಸೀರೆಯುಟ್ಟಂತೆಯೇ ಅಂಚು ದಾಟಿ ಇಳಿದಳು. ಯಶೋದಾ ಚಿಟ್ಟನೆ ಚೀರಿದರು. ಕೆಸರಿಗೆ ಕಾಲು ತಾಗಿತು, ಅವಳು ನಿಂತಳು. ನೀರು ಸೊಂಟಕ್ಕಿತ್ತು. ಚೀರಾಟ ಒಮ್ಮೆಗೇ ಅಡಗಿತು.

ಗಂಡನ ಕೂದಲು ಹಿಡಿದು ಮುಖ ಮೇಲೆತ್ತಿದಳು. ಅವನು ಕೆಮ್ಮಿದ, ಕಕ್ಕಿದ, ನಿಂತಿರುವ ಅವಳನ್ನು ಕಣ್ಣರಳಿಸಿ ನೋಡಿದ. ಹಿಡಿದ ಕೈ ಅಷ್ಟಕ್ಕೇ ನಿಲ್ಲಲಿಲ್ಲ. ಅವಳು ಆ ತಲೆಯನ್ನು ಮತ್ತೆ ಒಳಕ್ಕೆ ಒತ್ತಿದಳು, ಬಲವಾಗಿ. ಗುಳ್ಳೆಗಳು ಎದ್ದವು. ಅಂಗೈ ಕೆಳಗೆ ಅವನು ಒದ್ದಾಡುವುದು ಅವಳಿಗೆ ಹಿತವಾಯಿತು. ಹಿತವಾದದ್ದು ತಿಳಿದಾಗ ಮೈ ಝಲ್ಲೆಂದಿತು.

ಎತ್ತಿ, ಅವನ ಕಿವಿಯ ಹತ್ತಿರ ಬಾಗಿದಳು. "ಸೊಂಟದ ಮಟಾ ನೀರದ, ನಿಂದರ್ರಿ. ಇನ್ನ ನನ್ನ ಮಗಳ ಮೈ ಮುಟ್ಟಿದ್ರ ಇಷ್ಟ ನೀರೂ ಸಾಕಾಗ್ತದ."

ಗಿರಿಧರ ನಿಂತ. ಕಾಳುಭಾಯಿ ಅವನನ್ನು ಎಳೆದು ದೋಣಿಗೆ ಹಾಕಿಕೊಂಡ. ರಾಯರು ತಮ್ಮ ಶಾಲು ಹೊದಿಸಿ, ಇಂದುಮತಿಯತ್ತ ಕೈ ಚಾಚಿದರು. "ಹತ್ತಿ, ಹತ್ತಿ. ಆದದ್ದು ಆಯ್ತು. ಮನೆಗೆ ಹೋಗಿ ಮಾತಾಡಿದ್ರಾಯ್ತು."

"ನಾವು ನಿಮ್ಮ ಜೋಡಿ ಬರಂಗಿಲ್ರಿ. ಪೂರ್ವೀನ್ನ ಕೊಡ್ರಿ."

ಯಶೋದಾ ಹುಡುಗಿಯನ್ನು ಎತ್ತಿ ಇಳಿಸಿದರು, ಯಾರ ಮುಖವನ್ನೂ ನೋಡದೆ. ಕಾಳುಭಾಯಿ ಗಳದಿಂದ ತೋರಿಸಿದ ಕಡೆ ಸಣ್ಣ ನಡುಗಡ್ಡೆಯಿತ್ತು. ಹೆಂಗಸರು ಅಲ್ಲಿ ಪ್ರವಾಸಿಗರಿಗಾಗಿ ಸಜ್ಜೆ ರೊಟ್ಟಿ ಸುಡುತ್ತಿದ್ದರು, ಹೊಗೆ ಕಾಣುತ್ತಿತ್ತು. ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಇಂದುಮತಿ ಅತ್ತ ನಡೆದಳು. ನಾಮದ ಕೋಳಿಗಳು ಎರಡು ಪಾಲಾಗಿ ದಾರಿ ಬಿಟ್ಟವು.

"ಕೇಡ್" ಎಂದಳು ಪೂರ್ವಿ, ನೀರು ನೋಡುತ್ತ. ಅವಳ ಹುಬ್ಬಿನ ರಕ್ತ ಅಮ್ಮನ ಭುಜದ ಮೇಲೆ ಒಣಗುತ್ತಿತ್ತು. ಬಹಳ ಹೊತ್ತಿನ ಮೇಲೆ ಮತ್ತೆ ಬಗ್ಗಿ ನೋಡಿದಳು. "ಮಮ್ಮಿ, ಈಗ ಘೂಂಟಣ್. ಅದಕ್ಕೆ ಕನ್ನಡದಲ್ಲಿ ಏನು?"

"ಮೊಣಕಾಲ."

"ಮೊಣಕಾಲ" ಎಂದು ಪೂರ್ವಿ ಅಮ್ಮನ ಸೊಂಟದಿಂದ ಜಾರಿ ನೀರಿಗಿಳಿದಳು, ಫ್ರಾಕು ಎತ್ತಿ ಹಿಡಿದು ಮುಂದೆ ಮುಂದೆ ನಡೆಯತೊಡಗಿದಳು.